ಹೆಸರು ಗಡಿ ದಾಟುತ್ತದೆ, ತಿದ್ದುಪಡಿ ದಾಟುವುದಿಲ್ಲ

ಹೋದ ಮಳೆಗಾಲದಲ್ಲಿ ಪಕ್ಕದ ಮನೆಯ ಅಕ್ಕ ಒಂದು ಹಾಳೆ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ಮಗ ಶಾರ್ಜಾದಿಂದ ರಜೆಯಲ್ಲಿ ಬಂದಿದ್ದ. ಅವನ ಎನ್‌ಆರ್‌ಇ ಖಾತೆ (ಹೊರದೇಶದಲ್ಲಿರುವ ಭಾರತೀಯರ ಖಾತೆ) ಇರುವ ಬ್ಯಾಂಕಿನವರು ಕೊಟ್ಟ ಫಾರ್ಮ್ ಅದು. ಹುಟ್ಟಿದ ಊರು, ಹುಟ್ಟಿದ ದೇಶ, ತೆರಿಗೆಯ ಲೆಕ್ಕಕ್ಕೆ ಯಾವ ದೇಶದ ನಿವಾಸಿ, ಆ ದೇಶದ ತೆರಿಗೆ ನಂಬರು ಇದ್ದರೆ ಅದು. ಕೆಳಗೆ ಸಣ್ಣ ಅಕ್ಷರದಲ್ಲಿ, ಈ ವಿವರಗಳನ್ನು ಹೊರದೇಶದ ಅಧಿಕಾರಿಗಳಿಗೂ ಕೊಡಬಹುದು ಎಂಬ ಒಪ್ಪಿಗೆಯ ಸಾಲು.

"ಮಾಷ್ಟ್ರೇ, ಇವನ ದುಡ್ಡಿನ ಲೆಕ್ಕ ಬೇರೆ ದೇಶದವರಿಗೆ ಎಂತಕ್ಕೆ? ಇವ ಎಂತ ಕದ್ದದ್ದು ಉಂಟಾ?"

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು ನಾನು. ಫಾರ್ಮ್ ತುಂಬಿಸಿಕೊಳ್ಳಲು ಜನ ಬರುವುದು ಹೊಸತಲ್ಲ. ಮಲೆಯಾಳದ ಫಾರ್ಮ್, ಇಂಗ್ಲಿಷಿನ ಫಾರ್ಮ್, ಅಪರೂಪಕ್ಕೊಮ್ಮೆ ಕನ್ನಡದ್ದು. ಆದರೆ ಅಕ್ಕನ ಪ್ರಶ್ನೆಗೆ ಅಂದು ಜಗಲಿಯಲ್ಲಿ ಅರ್ಧ ಉತ್ತರವನ್ನಷ್ಟೇ ಕೊಡಲು ಆಯಿತು. ಒಂದು ಸರ್ಕಾರ ತನ್ನ ಜನರ ವಿವರವನ್ನು ಮಿತ್ರ ದೇಶದ ಸರ್ಕಾರಕ್ಕೆ ಕೊಡುವುದು ಹೇಗೆ, ಯಾವ ಕಾನೂನಿನಲ್ಲಿ, ಅಲ್ಲಿ ತಪ್ಪಾದರೆ ಯಾರು ಸರಿಪಡಿಸಬೇಕು? ಮನೆಗೊಬ್ಬರಂತೆ ಗಲ್ಫಿನಲ್ಲಿರುವ ಕಾಸರಗೋಡಿನಲ್ಲಿ ಇದು ದೂರದ ವಿಷಯವಲ್ಲ. ಹಾಗಾಗಿ ಉಳಿದರ್ಧವನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮೂರಿನ ಒಂದು ಸಂಗತಿ. ಅಕ್ಕನ ಮಗನ ಹೆಸರು ಸತೀಶ ಅಂತಿಟ್ಟುಕೊಳ್ಳಿ. ಮನೆಯಲ್ಲಿ, ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ ಸತೀಶ. ಪಂಚಾಯತಿನ ಜನನ ದಾಖಲೆ ಮಲೆಯಾಳದಲ್ಲಿ. ಬರೆದವರ ಕೈಯಲ್ಲಿ ಅದು ಸಹಜವಾಗಿ ಸತೀಶನ್ ಆಗುತ್ತದೆ. ಇಂಗ್ಲಿಷಿಗೆ ಬಂದಾಗ ಕೇರಳದ ರೂಢಿಯಂತೆ 'ತ'ಕಾರಕ್ಕೆ ಟಿ ಮುಂದೆ ಎಚ್ ಸೇರುತ್ತದೆ, 'ಶ'ಕಾರದ ಎಚ್ ಬಿದ್ದುಹೋಗುತ್ತದೆ. ಮಂಗಳೂರಿನ ಕಾಲೇಜಿಗೆ ಸೇರಿದರೆ ಅಲ್ಲಿ ಇನ್ನೊಂದು ಕಾಗುಣಿತ. ಊರಿನ ಹೆಸರೂ ಹಾಗೆಯೇ: ಮಂಜೇಶ್ವರ ಮಂಜೇಶ್ವರಂ ಆಗುತ್ತದೆ, ಕುಂಬಳೆ ಕುಂಬ್ಳ ಆಗುತ್ತದೆ, ಬದಿಯಡ್ಕ ಬದಿಯಡುಕ್ಕ ಆಗುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದು ರೂಪ ಗಟ್ಟಿಯಾಗುತ್ತದೆ. ಗಲ್ಫಿಗೆ ಹೋದ ಮೇಲೆ ಅದು ಅರಬಿ ಲಿಪಿಗೆ ಹೋಗಿ, ಅಲ್ಲಿಂದ ಮತ್ತೆ ಇಂಗ್ಲಿಷಿಗೆ ಬರುವಾಗ ಇನ್ನೊಮ್ಮೆ ಹೊರಳುತ್ತದೆ. ಮುಹಮ್ಮದ್ ಎಂಬ ಹೆಸರಿನ ಕಷ್ಟ ನಮ್ಮ ಉಪ್ಪಳ, ಮೊಗ್ರಾಲಿನವರಿಗೆ ಗೊತ್ತು. ಎಮ್ ಎಷ್ಟು, ಓ ಇದೆಯೋ ಯು ಇದೆಯೋ, ಕೊನೆಗೆ ಎ ಬರುತ್ತದೋ ಇ ಬರುತ್ತದೋ. ಒಬ್ಬನೇ ಮನುಷ್ಯ ನಾಲ್ಕು ಕಡತದಲ್ಲಿ ನಾಲ್ಕು ಜನ. ನಾಲ್ಕು ಜನ ಒಂದೇ ಪಟ್ಟಿಯಲ್ಲಿ ಒಬ್ಬ.

ಇದನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಹೇಳುವ ಎಲ್ಲ ವ್ಯವಸ್ಥೆಗಳೂ ನಿಂತಿರುವುದು ಹೆಸರು, ಹುಟ್ಟಿದ ದಿನ, ಒಂದು ನಂಬರು, ಇವುಗಳ ತಾಳೆಯ ಮೇಲೆಯೇ.

ಬ್ಯಾಂಕಿನ ದಾರಿ, ವಿಮಾನದ ದಾರಿ

ನಮ್ಮ ವಿವರ ಹೊರದೇಶಕ್ಕೆ ಹೋಗುವ ನಾಲ್ಕು ದಾರಿಗಳನ್ನು ಇಲ್ಲಿ ಹೇಳುತ್ತೇನೆ. ಅಕ್ಕ ತಂದದ್ದು ಮೊದಲನೆಯ ದಾರಿಯ ಕಾಗದ. ತನ್ನವರು ಹೊರದೇಶದ ಬ್ಯಾಂಕುಗಳಲ್ಲಿ ಹಣ ಬಚ್ಚಿಡುವುದನ್ನು ತಡೆಯಲು ಅಮೆರಿಕ 2010ರಲ್ಲಿ ಫಾಟ್ಕಾ ಎಂಬ ಕಾನೂನು ಮಾಡಿತು. ಭಾರತ 2015ರ ಜುಲೈ 9ರಂದು ಅದಕ್ಕೆ ಸಂಬಂಧಿಸಿದ ಒಪ್ಪಂದಕ್ಕೆ ಸಹಿ ಹಾಕಿತು. ಅದೇ ಮಾದರಿಯಲ್ಲಿ ಹಲವು ದೇಶಗಳು ಸೇರಿ ಕಟ್ಟಿದ ವ್ಯವಸ್ಥೆಗೆ ಸಿಆರ್‌ಎಸ್ ಎನ್ನುತ್ತಾರೆ. ಭಾರತ 2017ರಿಂದ ಅದರಲ್ಲಿ ವಿವರ ವಿನಿಮಯ ಮಾಡುತ್ತಿದೆ. ಕೆಲಸ ನಡೆಯುವುದು ಹೀಗೆ: ಬೇರೆ ದೇಶದ ತೆರಿಗೆ ನಿವಾಸಿ ಎಂದು ಕಂಡುಬಂದವರ ಹೆಸರು, ವಿಳಾಸ, ಹುಟ್ಟಿದ ದಿನ, ಖಾತೆ ನಂಬರು, ವರ್ಷದ ಕೊನೆಯ ಬಾಕಿ, ಬಂದ ಬಡ್ಡಿ, ಇವನ್ನು ಬ್ಯಾಂಕು 61ಬಿ ಎಂಬ ನಮೂನೆಯಲ್ಲಿ ಆದಾಯ ತೆರಿಗೆ ಇಲಾಖೆಗೆ ಕಳಿಸುತ್ತದೆ. ಇಲಾಖೆ ಒಪ್ಪಂದವಿರುವ ದೇಶಕ್ಕೆ ದಾಟಿಸುತ್ತದೆ. ಭಾರತೀಯರು ಹೊರಗೆ ಇಟ್ಟ ಹಣದ ಲೆಕ್ಕ ಇದೇ ದಾರಿಯಲ್ಲಿ ಇತ್ತ ಬರುತ್ತದೆ.

ನನ್ನ ಮಟ್ಟಿಗೆ ಎಲ್ಲ ದಾರಿಗಳಲ್ಲಿ ಇದೇ ಹೆಚ್ಚು ಶುದ್ಧ. ಒಪ್ಪಂದ ಅಚ್ಚಾಗಿದೆ, ಉದ್ದೇಶ ತೆರಿಗೆ ಎಂದು ಬರೆದಿದೆ, ಏನು ಹೋಗುತ್ತದೆ ಎಂಬ ಪಟ್ಟಿ ಇದೆ, ಫಾರ್ಮ್ ನಿಮ್ಮ ಕೈಗೇ ಬರುತ್ತದೆ. ಓದಲು ಬಾರದ ಭಾಷೆಯಲ್ಲಿ ಬರುತ್ತದೆ ಎಂಬುದೊಂದು ನೋವು. ಅರ್ಥವಾಗದ ಹಾಳೆಯ ಕೆಳಗೆ ಹಾಕಿದ ಸಹಿಯನ್ನು ಒಪ್ಪಿಗೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಎರಡನೆಯದು ವಿಮಾನ. ಮಂಜೇಶ್ವರ, ಕುಂಬಳೆಯವರು ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ಹೋಗುತ್ತಾರೆ. ಕಾಞಂಗಾಡಿನ ಕಡೆಯವರು 2018ರ ಡಿಸೆಂಬರಿನಿಂದ ಕಣ್ಣೂರಿಗೂ ಹೋಗುತ್ತಾರೆ. ಟಿಕೆಟ್ ತೆಗೆಯುವಾಗ ಹುಟ್ಟುವ ದಾಖಲೆಗೆ ಪಿಎನ್‌ಆರ್ ಎನ್ನುತ್ತಾರೆ. ಅದರಲ್ಲಿ ಹೆಸರು ಮಾತ್ರ ಇರುವುದಲ್ಲ. ಯಾವಾಗ ಕಾದಿರಿಸಿದ್ದು, ಯಾವ ಏಜೆಂಟ್, ಯಾವ ಕಾರ್ಡಿನಿಂದ ಹಣ, ಜೊತೆಗೆ ಯಾರು, ಎಷ್ಟು ಲಗೇಜು, ಯಾವ ಸೀಟು, ಫೋನ್ ನಂಬರು ಎಲ್ಲ ಇರುತ್ತದೆ. ಉಗ್ರರ ಓಡಾಟ ತಡೆಯಲು ಇಂಥ ದಾಖಲೆ ಸಂಗ್ರಹಿಸಬೇಕೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2017ರ ಡಿಸೆಂಬರಿನಲ್ಲಿ 2396ನೇ ನಿರ್ಣಯದ ಮೂಲಕ ಎಲ್ಲ ದೇಶಗಳಿಗೂ ಹೇಳಿತು. ಭಾರತ 2022ರ ಆಗಸ್ಟ್‌ನಲ್ಲಿ ನಿಯಮ ತಂದಿತು: ಅಂತಾರಾಷ್ಟ್ರೀಯ ವಿಮಾನ ಹೊರಡುವ 24 ಗಂಟೆ ಮೊದಲೇ ಕಂಪನಿಯವರು ಪ್ರಯಾಣಿಕರ ವಿವರವನ್ನು ಕಸ್ಟಮ್ಸ್ ಇಲಾಖೆಯ ಕೇಂದ್ರಕ್ಕೆ ಕಳಿಸಬೇಕು. ಅಲ್ಲಿ ಅದು 5 ವರ್ಷ ಇರುತ್ತದೆ. ಸಂದರ್ಭ ನೋಡಿಕೊಂಡು ಬೇರೆ ದೇಶದ ಸಂಸ್ಥೆಗಳಿಗೂ ಕೊಡಬಹುದು ಎಂದು ಅದೇ ನಿಯಮ ಹೇಳುತ್ತದೆ.

ಪ್ರಯಾಣಿಕರ ಪಟ್ಟಿ ಎಂಬುದು ನಮ್ಮ ಜಿಲ್ಲೆಗೆ ಬರೀ ಕಾಗದವಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ಕಂದಕಕ್ಕೆ ಬಿದ್ದು 158 ಜನ ತೀರಿಹೋದರು. ಅವರಲ್ಲಿ ನಮ್ಮವರು ಬಹಳ. ಆ ದಿನ ಅಂಥದೊಂದು ಪಟ್ಟಿಯಲ್ಲಿ ಒಂದು ಹೆಸರು ಇರದಿರಲಿ ಎಂದು ಬೇಡಿಕೊಂಡ ಮನೆಗಳು ಇಲ್ಲಿವೆ. ಪಟ್ಟಿ ಬೇಕು, ಅದು ಇಲ್ಲದೆ ವಿಮಾನ ಹಾರುವುದಿಲ್ಲ. ಅದು ಎಷ್ಟು ದಿನ ಯಾರ ಕೈಯಲ್ಲಿರಬೇಕು ಎಂಬುದು ಬೇರೆ ಪ್ರಶ್ನೆ. ಯುರೋಪಿನ ನ್ಯಾಯಾಲಯ 2017ರ ಜುಲೈ 26ರಂದು, ಕೆನಡಾಕ್ಕೆ ಯುರೋಪಿನ ಪ್ರಯಾಣಿಕರ ದಾಖಲೆ ಕೊಡುವ ಒಪ್ಪಂದವನ್ನು ಇದ್ದ ರೂಪದಲ್ಲಿ ಮಾಡಿಕೊಳ್ಳಕೂಡದು ಎಂದಿತು. ಮಿತ್ರ ದೇಶವೇ ಆದರೂ, ಸಂಶಯವೇ ಇಲ್ಲದವನು ಅಲ್ಲಿಂದ ಹೊರಟುಹೋದ ಮೇಲೂ ಅವನ ವಿವರವನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವುದು ಯಾಕೆ ಎಂಬುದು ಅದರ ಮುಖ್ಯ ಆಕ್ಷೇಪಗಳಲ್ಲಿ ಒಂದು.

ಪೊಲೀಸರ ದಾರಿ

ಮೂರನೆಯದು ಪೊಲೀಸು ಮತ್ತು ಕೋರ್ಟಿನದು. ಭಾರತಕ್ಕೂ ಯುಎಇಗೂ ನಡುವೆ 1999ರಲ್ಲೇ ಆರೋಪಿಗಳನ್ನು ಒಪ್ಪಿಸುವ ಮತ್ತು ಅಪರಾಧ ತನಿಖೆಯಲ್ಲಿ ಪರಸ್ಪರ ನೆರವಾಗುವ ಒಪ್ಪಂದಗಳಾಗಿವೆ. ಕೋರಿಕೆ ಗೃಹ ಸಚಿವಾಲಯದ ಮೂಲಕ ಹೋಗುತ್ತದೆ, ಯಾವ ಪ್ರಕರಣ, ಯಾವ ಸಾಕ್ಷ್ಯ ಎಂದು ಬರೆಯಬೇಕು. ಇಂಟರ್‌ಪೋಲ್‌ನ 196 ಸದಸ್ಯ ದೇಶಗಳಿಗೆ ನೋಟಿಸು ಹೋಗುವುದು ಭಾರತದಲ್ಲಿ ಸಿಬಿಐ ಮೂಲಕ. ಗಲ್ಫಿನಲ್ಲಿ ಬ್ಯಾಂಕ್ ಸಾಲ ಉಳಿಸಿ ಊರಿಗೆ ಬಂದವರಿಗೆ ಇನ್ನೊಂದು ವಿಷಯ ಗೊತ್ತಿರಬೇಕು: 2020ರ ಜನವರಿಯಿಂದ ಯುಎಇಯ ಸಿವಿಲ್ ಕೋರ್ಟುಗಳು ಕೊಟ್ಟ ಡಿಕ್ರಿಯನ್ನು ಇಲ್ಲಿನ ಜಿಲ್ಲಾ ಕೋರ್ಟಿನಲ್ಲಿ ನೇರವಾಗಿ ಜಾರಿಗೆ ತರಬಹುದು. ಹಿಂದೆ ಹೊಸ ದಾವೆ ಹೂಡಬೇಕಿತ್ತು.

ಇಂಥ ನೆರವು ಬೇಡ ಎಂದು ನಾನು ಹೇಳುವುದಿಲ್ಲ. ಮುಂಬೈ ದಾಳಿಯ ಸಂಚಿನಲ್ಲಿದ್ದ ಡೇವಿಡ್ ಹೆಡ್ಲಿಯನ್ನು ನಮ್ಮ ಎನ್‌ಐಎ 2010ರಲ್ಲಿ ಅಮೆರಿಕದಲ್ಲಿ ಪ್ರಶ್ನಿಸಿದ್ದು, ಅವನು 2016ರ ಫೆಬ್ರವರಿಯಲ್ಲಿ ವಿಡಿಯೊ ಮೂಲಕ ಮುಂಬೈ ಕೋರ್ಟಿಗೆ ಸಾಕ್ಷ್ಯ ಹೇಳಿದ್ದು ದೇಶಗಳ ನಡುವಿನ ಸಹಕಾರದಿಂದಲೇ. ನಮ್ಮ ಜಿಲ್ಲೆಗೂ ಇದರ ನೆನಪು ಇದೆ. 2016ರಲ್ಲಿ ಕೇರಳದಿಂದ ಅಫ್ಘಾನಿಸ್ತಾನದ ಐಎಸ್ ನೆಲೆಗೆ ಹೋದ ಗುಂಪಿನಲ್ಲಿ ಹೆಚ್ಚಿನವರು ಕಾಸರಗೋಡಿನವರು, ಪಡನ್ನ, ತೃಕ್ಕರಿಪುರದ ಕಡೆಯವರು. ಹೋದವರು ಬೆರಳೆಣಿಕೆ. ಆದರೆ ಪಾಸ್‌ಪೋರ್ಟಿನಲ್ಲಿ ಕಾಸರಗೋಡು ಎಂದಿರುವವರು ಲಕ್ಷಾಂತರ. ಜಿಲ್ಲೆಯ ಹೆಸರೇ ಸಂಶಯಕ್ಕೆ ಕಾರಣವಾಗುವ ಪಟ್ಟಿಯೊಂದು ಎಲ್ಲಾದರೂ ತಯಾರಾದರೆ, ಅದರಲ್ಲಿ ಸಿಕ್ಕಿಬೀಳುವುದು ಆ ಬೆರಳೆಣಿಕೆಯವರಲ್ಲ, ಉಳಿದವರು.

ಕೋರಿಕೆಯೂ ಇಲ್ಲದ, ಕೋರ್ಟೂ ಇಲ್ಲದ ದಾರಿ

ನಾಲ್ಕನೆಯ ದಾರಿ ಬೇಹುಗಾರಿಕೆಯದು. 1946ರ ಮಾರ್ಚ್ 5ರಂದು ಅಮೆರಿಕ ಮತ್ತು ಬ್ರಿಟನ್ ಒಂದು ಗುಪ್ತ ಒಪ್ಪಂದ ಮಾಡಿಕೊಂಡವು: ಕದ್ದು ಕೇಳಿದ ಸಂದೇಶಗಳನ್ನು ಪರಸ್ಪರ ಹಂಚಿಕೊಳ್ಳುವುದು. ಮುಂದೆ ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್ ಸೇರಿದವು. ಇದೇ ಇಂದಿನ 'ಐದು ಕಣ್ಣು' ಕೂಟ. ಒಪ್ಪಂದದ ಪಠ್ಯ ಜನರ ಕಣ್ಣಿಗೆ ಬಿದ್ದದ್ದು 2010ರಲ್ಲಿ. ಅರವತ್ತನಾಲ್ಕು ವರ್ಷ ಐದು ದೇಶಗಳ ಪ್ರಜೆಗಳು ತಮ್ಮ ಮಾತು ಯಾವ ಶರತ್ತಿನ ಮೇಲೆ ಹಂಚಿಹೋಗುತ್ತಿದೆ ಎಂದು ಓದಿ ನೋಡಲು ಆಗದೆ ಮತ ಹಾಕಿದರು.

ಇಲ್ಲೊಂದು ಸೂಕ್ಷ್ಮ ಉಂಟು. ಹೆಚ್ಚಿನ ಪ್ರಜಾಪ್ರಭುತ್ವಗಳಲ್ಲಿ ಸರ್ಕಾರ ತನ್ನ ಪ್ರಜೆಯ ಫೋನು ಕೇಳಬೇಕಾದರೆ ಅನುಮತಿ ಬೇಕು. ಪರದೇಶದವನ ಫೋನು ಕೇಳಲು ಅಷ್ಟು ಕಟ್ಟುಪಾಡು ಇಲ್ಲ. ಅಮೆರಿಕದ 2008ರ ಕಾನೂನಿನ 702ನೇ ಸೆಕ್ಷನ್ ಹೇಳುವುದೂ ಅದನ್ನೇ: ಹೊರಗಿರುವ ಪರದೇಶಿಯರನ್ನು ಗುರಿಯಾಗಿಸಲು ಪ್ರತಿಯೊಬ್ಬನಿಗೂ ಬೇರೆ ವಾರಂಟ್ ಬೇಡ. ಈಗ ಯೋಚಿಸಿ. ನಾನು ನಿಮ್ಮ ಮನೆಯ ಮಾತು ಕೇಳಬಲ್ಲೆ, ನೀವು ನನ್ನ ಮನೆಯ ಮಾತು ಕೇಳಬಲ್ಲಿರಿ, ಇಬ್ಬರೂ ಸಂಜೆ ಕೂತು ಹಂಚಿಕೊಂಡರೆ? ಇಬ್ಬರೂ ತಂತಮ್ಮ ಮನೆಯ ಬಾಗಿಲಿಗೆ ಕಿವಿಯಿಟ್ಟಿಲ್ಲ, ಆದರೂ ಇಬ್ಬರಿಗೂ ಎಲ್ಲ ಗೊತ್ತು. ಹೀಗೆ ಕಾನೂನಿನ ಬೇಲಿಯನ್ನು ಸುತ್ತು ಹಾಕಿ ದಾಟುವ ಸಾಧ್ಯತೆಯೇ ಈ ಹಂಚಿಕೆಯ ಅತಿ ದೊಡ್ಡ ಅಪಾಯ.

ಇದು ಬರೀ ಊಹೆ ಎನ್ನುತ್ತಿದ್ದವರ ಬಾಯಿ ಕಟ್ಟಿದ್ದು 2013ರ ಜೂನ್‌ನಲ್ಲಿ, ಅಮೆರಿಕದ ಬೇಹು ಸಂಸ್ಥೆಗೆ ಗುತ್ತಿಗೆಯಲ್ಲಿ ದುಡಿದಿದ್ದ ಎಡ್ವರ್ಡ್ ಸ್ನೋಡೆನ್ ಹೊರಗೆ ಹಾಕಿದ ಕಡತಗಳು. ಅಮೆರಿಕದ ಎನ್‌ಎಸ್‌ಎ ಎಂಬ ಆ ಸಂಸ್ಥೆ ತಾನು ಸಂಗ್ರಹಿಸಿದ್ದರ ಲೆಕ್ಕವನ್ನು ದೇಶವಾರು ನಕ್ಷೆಯಲ್ಲಿ ಇಟ್ಟಿತ್ತು. ಅದರಂತೆ 2013ರ ಮಾರ್ಚ್ ಒಂದೇ ತಿಂಗಳಲ್ಲಿ ಭಾರತದ ಇಂಟರ್‌ನೆಟ್ ಜಾಲದಿಂದ ಕಲೆಹಾಕಿದ ದಾಖಲೆ 630 ಕೋಟಿ. ಭಾರತ ಆ ಪಟ್ಟಿಯಲ್ಲಿ ಐದನೆಯದು. ಶೋಧಿಸದ ಹಸಿ ಮಾಹಿತಿಯನ್ನೇ, ಅಮೆರಿಕನ್ನರ ಮಾತು ಅದರಲ್ಲಿ ಇದ್ದರೂ, ಇಸ್ರೇಲಿನ ಬೇಹು ಸಂಸ್ಥೆಗೆ ಕೊಡುವ ತಿಳಿವಳಿಕೆ ಪತ್ರವೂ ಅದೇ ವರ್ಷ ಬೆಳಕಿಗೆ ಬಂತು. ಬ್ರಿಟನ್ನಿನ ಬೇಹುಗಾರಿಕೆಯ ನ್ಯಾಯಮಂಡಳಿ 2015ರ ಫೆಬ್ರವರಿಯಲ್ಲಿ, ಅಮೆರಿಕದಿಂದ ಬಂದ ಮಾಹಿತಿಯನ್ನು ಬ್ರಿಟಿಷ್ ಸಂಸ್ಥೆ ಪಡೆಯುತ್ತಿದ್ದ ಕ್ರಮ 2014ರ ಡಿಸೆಂಬರ್‌ವರೆಗೆ ಕಾನೂನುಬಾಹಿರವಾಗಿತ್ತು ಎಂದಿತು. ಕಾರಣ ಸರಳ: ಅದರ ನಿಯಮಗಳು ಜನರಿಗೆ ಗೊತ್ತೇ ಇರಲಿಲ್ಲ. ಬಚ್ಚಿಟ್ಟ ಕಾನೂನು ಕಾನೂನಲ್ಲ ಎಂಬ ತತ್ವ.

ಭಾರತ ಈ ಐದರ ಕೂಟದಲ್ಲಿಲ್ಲ. ಆದರೆ 2016ರ ಜೂನ್ 2ರಂದು ಶಂಕಿತ ಉಗ್ರರ ಪಟ್ಟಿಯ ವಿವರವನ್ನು ವಿನಿಮಯ ಮಾಡಿಕೊಳ್ಳಲು ಅಮೆರಿಕದೊಂದಿಗೆ ಒಪ್ಪಂದಕ್ಕೆ ದೆಹಲಿಯಲ್ಲಿ ಸಹಿ ಬಿತ್ತು. ಪಟ್ಟಿ ಹೋಗುತ್ತದೆ, ಪಟ್ಟಿ ಬರುತ್ತದೆ.

ಮೂಡಿಗೆರೆಯ ಡಾಕ್ಟರು, ಮಳೆಯಲ್ಲಿ ನಡೆದ ಇಂಜಿನಿಯರು

ತಪ್ಪು ಹೇಗೆ ಪಯಣಿಸುತ್ತದೆ ಎಂದು ತಿಳಿಯಲು ಕನ್ನಡದವರೇ ಒಬ್ಬರ ಕಥೆ ಸಾಕು. ಮೂಡಿಗೆರೆಯಲ್ಲಿ ಹುಟ್ಟಿದ ಡಾ. ಮೊಹಮ್ಮದ್ ಹನೀಫ್ ಬ್ರಿಟನ್ನಿನಲ್ಲಿದ್ದು, ಬಳಿಕ ಆಸ್ಟ್ರೇಲಿಯದ ಗೋಲ್ಡ್ ಕೋಸ್ಟ್ ಆಸ್ಪತ್ರೆಗೆ ಸೇರಿದರು. 2006ರಲ್ಲಿ ಬ್ರಿಟನ್ ಬಿಡುವಾಗ ತನ್ನ ಮೊಬೈಲಿನ ಸಿಮ್ಮನ್ನು ಸಂಬಂಧಿಕನೊಬ್ಬನಿಗೆ ಕೊಟ್ಟರು. ಉಳಿದ ಉಚಿತ ನಿಮಿಷಗಳು ಯಾಕೆ ಹಾಳಾಗಬೇಕು ಎಂದು. ನಮ್ಮಲ್ಲಿ ಗಲ್ಫಿನಿಂದ ಊರಿಗೆ ಹೊರಟವರು ರೂಮಿನವರಿಗೆ ಸಿಮ್ ಬಿಟ್ಟುಬರುವುದಿಲ್ಲವೇ, ಹಾಗೆ. 2007ರ ಜೂನ್ 30ರಂದು ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿದ ದಾಳಿ ನಡೆಯಿತು. ನುಗ್ಗಿಸಿದವರಲ್ಲಿ ಒಬ್ಬ ಹನೀಫರ ದೂರದ ಸೋದರ ಸಂಬಂಧಿ, ಸಿಮ್ ಪಡೆದವನ ಅಣ್ಣ. ಬ್ರಿಟನ್ನಿನಿಂದ ವಿವರ ಆಸ್ಟ್ರೇಲಿಯಕ್ಕೆ ಹೋಯಿತು. ಜುಲೈ 2ರಂದು, ಬೆಂಗಳೂರಿನಲ್ಲಿ ಆಗಷ್ಟೇ ಹುಟ್ಟಿದ ಮಗಳನ್ನು ನೋಡಲು ಹೊರಟ ಹನೀಫರನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹಿಡಿದರು. ಆರೋಪ ಹೊರಿಸದೆಯೇ 12 ದಿನ ಇಟ್ಟರು.

ಕೋರ್ಟಿನಲ್ಲಿ ಸರ್ಕಾರಿ ವಕೀಲರು, ಆ ಸಿಮ್ ಸಿಕ್ಕಿದ್ದು ಗ್ಲಾಸ್ಗೋದಲ್ಲಿ ಉರಿದ ಜೀಪಿನಲ್ಲಿ ಎಂದರು. ಸಿಮ್ ಇದ್ದದ್ದು ಜೀಪಿನಲ್ಲಲ್ಲ, ಲಿವರ್‌ಪೂಲಿನಲ್ಲಿ, ಪಡೆದುಕೊಂಡವನ ಹತ್ತಿರ. ಇಬ್ಬರು ಮಿತ್ರರ ನಡುವೆ, ಎರಡು ಖಂಡಗಳ ನಡುವೆ, ಲಿವರ್‌ಪೂಲ್ ಎಂಬುದು ಗ್ಲಾಸ್ಗೋ ಆಯಿತು. ಮ್ಯಾಜಿಸ್ಟ್ರೇಟ್ ಜಾಮೀನು ಕೊಟ್ಟ ದಿನವೇ ಮಂತ್ರಿ ವೀಸಾ ರದ್ದು ಮಾಡಿದರು. ಪತ್ರಕರ್ತರು ಸಿಮ್ಮಿನ ನಿಜವನ್ನು ಹೊರತೆಗೆದ ಮೇಲೆ ಜುಲೈ 27ರಂದು ಆರೋಪ ಕೈಬಿಟ್ಟರು. ಮುಂದಿನ ವರ್ಷ ನ್ಯಾಯಮೂರ್ತಿ ಜಾನ್ ಕ್ಲಾರ್ಕ್ ವಿಚಾರಣೆ ನಡೆಸಿ ಹನೀಫರನ್ನು ನಿರಪರಾಧಿ ಎಂದರು, 2010ರಲ್ಲಿ ಪರಿಹಾರ ಸಿಕ್ಕಿತು. ಗಮನಿಸಬೇಕಾದ್ದು ಒಂದು: ತಪ್ಪು ಸಿಕ್ಕಿಬಿದ್ದದ್ದು ವಿಷಯ ತೆರೆದ ಕೋರ್ಟಿಗೆ ಬಂದದ್ದರಿಂದ, ವಕೀಲರ ಮಾತನ್ನು ಪತ್ರಕರ್ತರು ಪರೀಕ್ಷಿಸಿದ್ದರಿಂದ. ಅದು ಕಡತದೊಳಗೇ ಉಳಿದಿದ್ದರೆ?

ಕಡತದೊಳಗೇ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಮಾಹೆರ್ ಅರಾರ್ ಸಾಕ್ಷಿ. ಸಿರಿಯದಲ್ಲಿ ಹುಟ್ಟಿ ಕೆನಡಾದ ಪ್ರಜೆಯಾದ ಟೆಲಿಕಾಂ ಇಂಜಿನಿಯರ್. 2001ರ ಅಕ್ಟೋಬರಿನಲ್ಲಿ ಅವರು ಒಟ್ಟಾವದ ಒಂದು ಹೋಟೆಲಿನಲ್ಲಿ ಪರಿಚಯದವನೊಬ್ಬನನ್ನು ಭೇಟಿಯಾದರು. ಆ ಪರಿಚಯದವನ ಮೇಲೆ ಪೊಲೀಸರ ಕಣ್ಣಿತ್ತು. ಇಬ್ಬರೂ ಮಳೆಯಲ್ಲಿ ಮಾತಾಡುತ್ತ ನಡೆದರು ಎಂಬುದು ಸಂಶಯಕ್ಕೆ ಸೇರಿದ ಒಂದು ಸಂಗತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲೇ ನಡೆಯುವ ನಮ್ಮಂಥವರಿಗೆ ಇದನ್ನು ಓದಿದರೆ ಎದೆ ಝಲ್ಲೆನ್ನುತ್ತದೆ. ಕೆನಡಾದ ಪೊಲೀಸರು ಅಮೆರಿಕಕ್ಕೆ, ಅರಾರ್ ಮತ್ತು ಅವರ ಹೆಂಡತಿ ಅಲ್ ಖೈದಾದ ನಂಟಿನ ಶಂಕೆ ಇರುವ ಉಗ್ರವಾದಿಗಳು ಎಂದು ಬರೆದುಕೊಟ್ಟರು. 2002ರಲ್ಲಿ ತನಿಖೆಯ ಇಡೀ ಕಡತವನ್ನು ಮೂರು ಸೀಡಿಗಳಲ್ಲಿ ತುಂಬಿಸಿ ಹಸ್ತಾಂತರಿಸಿದರು. ಇದನ್ನು ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬಾರದು ಎಂಬ ಶರತ್ತು ಕೂಡ ಹಾಕಲಿಲ್ಲ.

ಆ ಸೆಪ್ಟೆಂಬರ್ 26ರಂದು ನ್ಯೂಯಾರ್ಕಿನಲ್ಲಿ ವಿಮಾನ ಬದಲಿಸಲು ಇಳಿದ ಅರಾರ್ ಅವರನ್ನು ಹಿಡಿದು, ಕೆನಡಾಕ್ಕೆ ಕಳಿಸುವ ಬದಲು ಜೋರ್ಡಾನ್ ಮೂಲಕ ಸಿರಿಯಕ್ಕೆ ಕಳಿಸಿದರು. ಅಲ್ಲಿ ಸುಮಾರು ಒಂದು ವರ್ಷ ಸೆರೆ, ಚಿತ್ರಹಿಂಸೆ. ಕೆನಡಾ ನೇಮಿಸಿದ ನ್ಯಾಯಮೂರ್ತಿ ಡೆನಿಸ್ ಓಕಾನರ್ ಆಯೋಗ 2006ರಲ್ಲಿ, ಅರಾರ್ ಅಪರಾಧ ಮಾಡಿದ್ದಕ್ಕೆ ಏನೂ ಆಧಾರವಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. 2007ರ ಜನವರಿಯಲ್ಲಿ ಪ್ರಧಾನಿ ಕ್ಷಮೆ ಕೇಳಿದರು, 1 ಕೋಟಿ 5 ಲಕ್ಷ ಕೆನಡಿಯನ್ ಡಾಲರ್ ಪರಿಹಾರ ಕೊಟ್ಟರು. ಅಮೆರಿಕ ಮಾತ್ರ ಆಮೇಲೂ ಅವರ ಹೆಸರನ್ನು ತನ್ನ ಶಂಕಿತರ ಪಟ್ಟಿಯಿಂದ ತೆಗೆಯಲು ಒಪ್ಪಲಿಲ್ಲ.

ನಾನು ಈ ಲೇಖನ ಬರೆಯಲು ಕೂತದ್ದೇ ಈ ಒಂದು ವಾಕ್ಯಕ್ಕಾಗಿ. ಮಾಹಿತಿ ಕೊಟ್ಟ ದೇಶವೇ ತಪ್ಪಾಯಿತು ಎಂದು ಲೋಕದ ಮುಂದೆ ಹೇಳಿತು. ಪಡೆದ ದೇಶ ಕೇಳಿಸಿಕೊಳ್ಳಲಿಲ್ಲ. ಕಡತ ಸೀಡಿಯಲ್ಲಿ ಒಂದು ದಿನದಲ್ಲಿ ಗಡಿ ದಾಟಿತು. ತಿದ್ದುಪಡಿ ವರ್ಷಗಟ್ಟಲೆ ಬಾಗಿಲಲ್ಲೇ ನಿಂತಿತು.

ಬಾಗಿಲು ಯಾಕೆ ಮುಚ್ಚಿರುತ್ತದೆ

ಬೇಹು ಸಂಸ್ಥೆಗಳ ನಡುವೆ ಒಂದು ಕಟ್ಟಳೆ ಇದೆ: ಯಾರು ಕೊಟ್ಟರೋ ಅವರ ಅನುಮತಿಯಿಲ್ಲದೆ ಪಡೆದವರು ಅದನ್ನು ಯಾರಿಗೂ ತೋರಿಸಬಾರದು. ಸಂಸತ್ತಿಗೂ ಇಲ್ಲ, ನ್ಯಾಯಾಧೀಶರಿಗೂ ಇಲ್ಲ, ನಿಮಗಂತೂ ಇಲ್ಲವೇ ಇಲ್ಲ. ಕೊಟ್ಟವರ ಮೂಲಕ್ಕೆ ಅಪಾಯ ಬಾರದಿರಲಿ ಎಂಬ ನ್ಯಾಯವಾದ ಕಾರಣ ಅದಕ್ಕಿದೆ. ಪರಿಣಾಮ ಮಾತ್ರ ವಿಚಿತ್ರ. ಇಲ್ಲಿ ಕೇಳಿದರೆ "ಅದು ಅವರದ್ದು", ಅಲ್ಲಿ ಕೇಳಿದರೆ "ಅದು ನಿಮ್ಮವರು ಕೊಟ್ಟದ್ದು". ಬಿನ್ಯಾಮ್ ಮೊಹಮ್ಮದ್ ಎಂಬ, ಅಮೆರಿಕದ ಗ್ವಾಂಟನಾಮೊ ಸೆರೆಮನೆಯಲ್ಲಿದ್ದ ಬಂದಿಯ ಪ್ರಕರಣದಲ್ಲಿ ಬ್ರಿಟನ್ನಿನ ಮೇಲ್ಮನವಿ ಕೋರ್ಟು ಅಮೆರಿಕದ ಮಾಹಿತಿಯ ಏಳು ಪ್ಯಾರಾಗಳನ್ನು 2010ರಲ್ಲಿ ಪ್ರಕಟಿಸಲು ಹೇಳಿದಾಗ, ಮಾಹಿತಿ ಹಂಚಿಕೆಯೇ ನಿಂತುಹೋದೀತು ಎಂದು ಬ್ರಿಟಿಷ್ ಸರ್ಕಾರ ಪಟ್ಟು ಹಿಡಿದಿತ್ತು. ಏಳು ಪ್ಯಾರಾ ಅಷ್ಟೇ.

ನಮ್ಮ ದೇಶದಲ್ಲಿ? ಮಾಹಿತಿ ಹಕ್ಕು ಕಾಯ್ದೆಯ 8ನೇ ಸೆಕ್ಷನ್, ವಿದೇಶದೊಂದಿಗಿನ ಸಂಬಂಧಕ್ಕೆ ಧಕ್ಕೆ ತರುವ ಮಾಹಿತಿಯನ್ನೂ ವಿದೇಶಿ ಸರ್ಕಾರ ಗುಟ್ಟಾಗಿ ಕೊಟ್ಟ ಮಾಹಿತಿಯನ್ನೂ ಕೊಡಬೇಕಾಗಿಲ್ಲ ಎನ್ನುತ್ತದೆ. ದೊಡ್ಡ ಸಾರ್ವಜನಿಕ ಹಿತವಿದ್ದರೆ ಕೊಡಬಹುದು ಎಂಬ ಸಣ್ಣ ಕಿಂಡಿ ಮಾತ್ರ ಉಂಟು. ಗುಪ್ತಚರ ಸಂಸ್ಥೆಗಳು ಬಹುಮಟ್ಟಿಗೆ ಆ ಕಾಯ್ದೆಯ ಹೊರಗೇ ಇವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಜೆಗೆ ತಿದ್ದುಪಡಿಯ ಹಕ್ಕು ಕೊಟ್ಟಿದೆ. ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಆದರೆ ಅದರ 17ನೇ ಸೆಕ್ಷನ್ ಓದಿ. ಸಾರ್ವಭೌಮತೆ, ಭದ್ರತೆ, ಸುವ್ಯವಸ್ಥೆ, "ವಿದೇಶಗಳೊಂದಿಗೆ ಸ್ನೇಹ ಸಂಬಂಧ", ಈ ಕಾರಣಗಳಿಗಾಗಿ ಕೇಂದ್ರ ಸರ್ಕಾರ ತನ್ನ ಯಾವುದೇ ಸಂಸ್ಥೆಯನ್ನು ಇಡೀ ಕಾಯ್ದೆಯಿಂದ ಹೊರಗಿಡಬಹುದು. ಸ್ನೇಹಕ್ಕಾಗಿ ವಿನಾಯಿತಿ! ಇಬ್ಬರು ದೊಡ್ಡವರ ಸ್ನೇಹಕ್ಕೆ ನಮ್ಮ ಹೆಸರು ಉಡುಗೊರೆಯಾಗುವುದಾದರೆ, ನಮಗೊಂದು ಮಾತು ತಿಳಿಸಬೇಕು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಎದುರಾಗಿ ಹಿಡಿಯಬಹುದಾದ ಕೋಲು 2017ರ ಆಗಸ್ಟ್ 24ರ ಸುಪ್ರೀಂ ಕೋರ್ಟ್ ತೀರ್ಪು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ಆ ಪ್ರಕರಣಕ್ಕೆ ಹೆಸರು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರಿಂದ. ಸರ್ಕಾರ ಖಾಸಗಿತನಕ್ಕೆ ಕೈಹಾಕಬೇಕಾದರೆ ಕಾನೂನು ಇರಬೇಕು, ಯೋಗ್ಯ ಉದ್ದೇಶ ಇರಬೇಕು, ಉದ್ದೇಶಕ್ಕೆ ಬೇಕಾದಷ್ಟೇ ಕೈಹಾಕಬೇಕು. ಬ್ಯಾಂಕಿನ ಫಾರ್ಮನ್ನು ಈ ಮೂರು ಪ್ರಶ್ನೆಯ ಮುಂದೆ ನಿಲ್ಲಿಸಿದರೆ ಅದು ಹೆಚ್ಚುಕಡಿಮೆ ನಿಲ್ಲುತ್ತದೆ. ಪಠ್ಯವೇ ಪ್ರಕಟವಾಗದ ಒಪ್ಪಂದವನ್ನು ನಿಲ್ಲಿಸಿ ನೋಡುವುದು ಹೇಗೆ?

ಕೇರಳದಲ್ಲಿ ಒಮ್ಮೆ ಈ ಪ್ರಶ್ನೆ ಕೋರ್ಟಿನಲ್ಲಿ ಎದ್ದಿತ್ತು, ಬೇರೆ ರೂಪದಲ್ಲಿ. 2020ರ ಏಪ್ರಿಲ್, ಕೋವಿಡ್ ಕಾಲ. ಗಲ್ಫಿನಿಂದ ಬಂದವರಿದ್ದ ಕಾಸರಗೋಡು ಸುದ್ದಿಯಲ್ಲಿತ್ತು, ತಲಪಾಡಿಯಲ್ಲಿ ಗಡಿ ಮುಚ್ಚಿತ್ತು, ಮಂಗಳೂರಿನ ಆಸ್ಪತ್ರೆಗೆ ಹೋಗಲಾರದೆ ನಾವು ಒದ್ದಾಡುತ್ತಿದ್ದೆವು. ಜನ ಗಡಿ ದಾಟುವಂತಿರಲಿಲ್ಲ. ಅದೇ ಹೊತ್ತಿಗೆ ಜನರ ಆರೋಗ್ಯದ ವಿವರ ಸ್ಪ್ರಿಂಕ್ಲರ್ ಎಂಬ ಅಮೆರಿಕದ ಕಂಪನಿಯ ತಂತ್ರಾಂಶಕ್ಕೆ ಹೋಗುತ್ತಿದೆ ಎಂಬ ದೂರು ಹೈಕೋರ್ಟಿಗೆ ಹೋಯಿತು. ಏಪ್ರಿಲ್ 24ರ ಮಧ್ಯಂತರ ಆದೇಶದಲ್ಲಿ ಕೋರ್ಟು, ಹೆಸರು ಗುರುತು ತೆಗೆದೇ ವಿವರ ಕೊಡಬೇಕು, ಕೊಡುವ ಮೊದಲು ಆ ವ್ಯಕ್ತಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು ಎಂದಿತು. ಅದು ಕಂಪನಿ, ಸರ್ಕಾರವಲ್ಲ. ಆದರೂ ಗುರುತು ಕಳಚಿ ಕೊಡಿ, ಮೊದಲು ಹೇಳಿ ಎಂಬ ಎರಡು ಮಾತು ಯಾವ ಹಂಚಿಕೆಗಾದರೂ ಅಳತೆಗೋಲಾಗಬಲ್ಲದು.

ಹೇಳದೆ ಕೊಟ್ಟರೆ ಎಲ್ಲಿಗೆ ಮುಟ್ಟೀತು ಎಂಬುದನ್ನು ರೋಹಿಂಗ್ಯರು ಕಂಡರು. ಮ್ಯಾನ್ಮಾರಿನಿಂದ ಜೀವ ಉಳಿಸಿಕೊಂಡು ಬಾಂಗ್ಲಾದೇಶಕ್ಕೆ ಓಡಿಬಂದವರ ಹೆಸರು, ಫೋಟೊ, ಬೆರಳಚ್ಚುಗಳನ್ನು ಶಿಬಿರಗಳಲ್ಲಿ ಪಡಿತರದ ಕಾರ್ಡಿಗಾಗಿ ದಾಖಲಿಸಿದರು. ಕನಿಷ್ಠ 8 ಲಕ್ಷ 30 ಸಾವಿರ ಜನರ ವಿವರವನ್ನು, ವಾಪಸು ಕಳಿಸುವ ಮಾತುಕತೆಯ ಭಾಗವಾಗಿ, ಬಾಂಗ್ಲಾದೇಶ ಅದೇ ಮ್ಯಾನ್ಮಾರಿಗೆ ಕೊಟ್ಟಿತು ಎಂದು ಹ್ಯೂಮನ್ ರೈಟ್ಸ್ ವಾಚ್ 2021ರಲ್ಲಿ ವರದಿ ಮಾಡಿತು. ಒಪ್ಪಿಗೆ ಕೇಳಿದ್ದೆವು ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಹೇಳಿತು. ವರದಿಗಾರರ ಜೊತೆ ಮಾತಾಡಿದ ನಿರಾಶ್ರಿತರಲ್ಲಿ ಹೆಚ್ಚಿನವರು, ನಮಗೆ ಹಾಗೆಂದು ಯಾರೂ ಹೇಳಲಿಲ್ಲ ಎಂದರು. ಒಪ್ಪಿಗೆಯ ಗುರುತು ಹಾಕಿದ್ದ ಚೀಟಿ ಇದ್ದದ್ದು ಇಂಗ್ಲಿಷಿನಲ್ಲಿ.

ನಾವು ಮಾಡಬಹುದಾದ್ದು

ಕೆಲವು ಇವೆ, ಸಣ್ಣವು. ಇಂಟರ್‌ಪೋಲ್ ಕಡತದಲ್ಲಿ ತನ್ನ ಹೆಸರು ಇದೆಯೇ ಎಂದು ಯಾರು ಬೇಕಾದರೂ ಅದರ ಕಡತ ನಿಯಂತ್ರಣ ಆಯೋಗಕ್ಕೆ ಬರೆದು ಕೇಳಬಹುದು, ತಪ್ಪಿದ್ದರೆ ತಿದ್ದಿರಿ ಎನ್ನಬಹುದು, ಶುಲ್ಕವಿಲ್ಲ. ಅಮೆರಿಕದ ಪ್ರಯಾಣದಲ್ಲಿ ಹೆಸರಿನ ಗೊಂದಲಕ್ಕೆ ಪದೇ ಪದೇ ತಡೆಯಲ್ಪಡುವವರು ಅಲ್ಲಿನ ಗೃಹಭದ್ರತಾ ಇಲಾಖೆಗೆ ಅರ್ಜಿ ಹಾಕುವ ವ್ಯವಸ್ಥೆ 2007ರಿಂದ ಇದೆ. ಸಿಮ್ಮನ್ನು ಯಾರಿಗೂ ಬಿಟ್ಟುಬರಬೇಡಿ, ರದ್ದು ಮಾಡಿ ಬನ್ನಿ; ಇದನ್ನು ಹನೀಫರ ಹೆಸರಿನಲ್ಲಿ ಗಲ್ಫಿಗೆ ಹೊರಡುವ ಪ್ರತಿ ಹುಡುಗನಿಗೂ ಹೇಳುತ್ತೇನೆ. ಜನನ ಪತ್ರ, ಎಸ್‌ಎಸ್‌ಎಲ್‌ಸಿ ಪಟ್ಟಿ, ಆಧಾರ್, ಪಾಸ್‌ಪೋರ್ಟ್, ಬ್ಯಾಂಕ್ ಪುಸ್ತಕ, ಈ ಐದರಲ್ಲೂ ಹೆಸರು ಅಕ್ಷರ ಬಿಡದೆ ಒಂದೇ ಆಗಿರಲಿ. ಇಲ್ಲವಾದರೆ ತಿದ್ದಿಸುವ ಕೆಲಸವನ್ನು ಹೊರಡುವ ಮೊದಲೇ, ಇಲ್ಲೇ, ಅರ್ಜಿ ಹಾಕುವ ಅಕ್ಷಯ ಕೇಂದ್ರದಿಂದ ಪಂಚಾಯತಿಗೆ ನಾಲ್ಕು ಸಲ ನಡೆದಾದರೂ ಮುಗಿಸಿಕೊಳ್ಳಿ. ಇಲ್ಲಿ ನಾಲ್ಕು ಸಲ ನಡೆದರೆ ಆಗುವ ಕೆಲಸ ಗಡಿಯಾಚೆ ನಾಲ್ಕು ವರ್ಷಕ್ಕೂ ಆಗದಿರಬಹುದು.

ಉಳಿದದ್ದು ಒಬ್ಬೊಬ್ಬರಿಂದ ಆಗುವಂಥದ್ದಲ್ಲ. ಮಾಹಿತಿ ಕೊಡುವ ಪ್ರತಿ ಒಪ್ಪಂದದಲ್ಲೂ, ತಪ್ಪು ಗೊತ್ತಾದ ಕೂಡಲೇ ಪಡೆದವರಿಗೆ ತಿಳಿಸಬೇಕು, ಅವರು ತಿದ್ದಲೇಬೇಕು ಎಂಬ ಒಂದು ಕಲಮು ಇರಬೇಕೆಂದು ನಮ್ಮ ಸಂಸದರನ್ನು ಕೇಳಬೇಕು. ಒಪ್ಪಂದಗಳನ್ನು ಸಂಸತ್ತಿನ ಒಂದು ಸಮಿತಿಯಾದರೂ ಓದಬೇಕು. ಇಂಥ ಸಮಿತಿ ಬ್ರಿಟನ್ನಿನಲ್ಲಿ, ಅಮೆರಿಕದಲ್ಲಿ ಇದೆ. ನಮ್ಮಲ್ಲಿ ಗುಪ್ತಚರ ಸಂಸ್ಥೆಗಳ ಮೇಲೆ ನಿಗಾ ಇಡುವ ಸಂಸದೀಯ ಸಮಿತಿ ಇಲ್ಲ.

ಅಂದು ಜಗಲಿಯಲ್ಲಿ ಅಕ್ಕನ ಮಗನೂ ನಾನೂ ಆ ಫಾರ್ಮನ್ನು ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ತುಂಬಿಸಿದೆವು. ಹುಟ್ಟಿದ ಸ್ಥಳ ಎಂಬ ಕಡೆ ಅವನು ಬದಿಯಡ್ಕ ಎಂದು ಇಂಗ್ಲಿಷಿನಲ್ಲಿ ತಾನು ಬರೆಯುವಂತೆ ಬರೆದಿದ್ದ. ಪಾಸ್‌ಪೋರ್ಟಿನಲ್ಲಿ ಮಲೆಯಾಳದ ಉಚ್ಚಾರದಂತೆ, ಕೊನೆಗೆ ಕೆ ಎರಡು. ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿಸಿ, ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಬರೆಸಿದೆ. "ನಮ್ಮ ಊರಿನ ಹೆಸರು ಹಾಗೆ ಅಲ್ಲವಲ್ಲ ಮಾಷ್ಟ್ರೇ" ಎಂದರು ಅಕ್ಕ. ಅಲ್ಲ ಎಂದು ನನಗೂ ಗೊತ್ತಿತ್ತು.